ಎರಡನೆಯ ಮಗ್ಗುಲಲ್ಲೇ ಮಂಗಳ

ಇಂಗ್ಲಿಷ್ ಸಂಗೀತದಲ್ಲಿ ನಾನು ಪಂಡಿತ ಎಂಬ ಸುದ್ದಿ ಹುಟ್ಟಿದ್ದು ನನ್ನ ಊರಾದ ಕುಂದಾಪುರದಲ್ಲಲ್ಲ, ಬೊಂಬಾಯಿಯಲ್ಲಿ. ಹುಟ್ಟಿಸಿದವನು ನನ್ನ ಹೆಂಡತಿಯ ತಮ್ಮ. ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ಅವನು ಅಲ್ಲಿಯ ಹೋಟೆಲೊಂದರಲ್ಲಿ ಐದಾರು ವರ್ಷ ಲೋಟ ತೊಳೆದು, ಹೇಗೋ ಕಾಲು ಕಿತ್ತುಕೊಂಡು ಗ್ರಾಮಫೋನ್ ಪ್ಲೇಟು ಮಾರುವ ಒಂದು ಅಂಗಡಿ ಸೇರಿದ್ದ. ಸೇರಿದ್ದ ಅಂದರೆ ಹಿಂದಿನ ಕೋಣೆಯಲ್ಲಿ ಪ್ಲೇಟುಗಳಿಗೆ ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಅದೂ ಕಾಯಂ ಅಲ್ಲ.

ಅಂಗಡಿಯ ಯಜಮಾನರು ಪಾರ್ಸಿಯವರು. ಗಿರಾಕಿಗಳಿಗೆ ಹಂಚಲು ತಿಂಗಳಿಗೊಂದು ಹಾಳೆ ಅಚ್ಚು ಹಾಕಿಸುತ್ತಿದ್ದರು. ಆಗಷ್ಟೇ ವಿಲಾಯತಿಯಿಂದ ಒಂದು ದೊಡ್ಡ ಸಿಂಫನಿಯ ಹೊಸ ರೆಕಾರ್ಡು ಬಂದಿತ್ತಂತೆ. ಕಳೆದ ಶತಮಾನದ ಕೊನೆಯಲ್ಲಿ ಬರೆದದ್ದು, ಬರೆದವರ ಹೆಸರನ್ನು ನನ್ನ ಹಲ್ಲುಗಳು ಇವತ್ತಿಗೂ ಒಪ್ಪುವುದಿಲ್ಲ, ಬಿಡಿ. ಅದನ್ನು ಕೇಳಿ ಹೇಗಿದೆ ಎಂದು ಬರೆಯುವವರು ಊರುಗಳ ಕಡೆಯೂ ಯಾರಾದರೂ ಇದ್ದಾರೆಯೇ ಎಂದು ಯಜಮಾನರು ಕೇಳಿದಾಗ, ಹಿಂದಿನ ಕೋಣೆಯಿಂದ ಇವನು ತಲೆ ಹೊರಗೆ ಹಾಕಿ, ನಮ್ಮ ಭಾವ ಇದ್ದಾರೆ, ಇಂಗ್ಲಿಷ್ ಮಾಸ್ತರರು, ಊಟ ಬಿಟ್ಟಾರು ಇದನ್ನು ಬಿಡಲಿಕ್ಕಿಲ್ಲ ಅಂದುಬಿಟ್ಟಿದ್ದ.

ಇದಕ್ಕೆ ಆಧಾರ ಇಷ್ಟೇ. ನಾನು ಹಳೆಯ ಗ್ರಾಮಫೋನ್ ಕೊಂಡಾಗ ಅದರ ಜೊತೆ ಒಂದು ಇಂಗ್ಲಿಷ್ ಬ್ಯಾಂಡಿನ ಪ್ಲೇಟು ಪುಕ್ಕಟೆ ಬಂದಿತ್ತು. ಅವನು ರಜೆಗೆ ಬಂದಿದ್ದಾಗ ಅದನ್ನು ಹಾಕಿ ತಲೆ ಅಲ್ಲಾಡಿಸಿದ್ದೆ. ಸೊಳ್ಳೆ ಇತ್ತು ಎಂದು ಹೇಳಲು ಈಗ ತಡವಾಗಿದೆ.

ಅವನು ಬರೆದ ಕಾಗದ ನನ್ನನ್ನು ಎರಡು ದಿನ ಮಲಗಲು ಬಿಡಲಿಲ್ಲ. ನಾನು ಬರೆದದ್ದು ಯಜಮಾನರಿಗೆ ಹಿಡಿಸಿ ಅಚ್ಚಾದರೆ ಅವನನ್ನು ಮುಂದಿನ ಕೌಂಟರಿಗೆ ತೆಗೆದುಕೊಂಡು ಕಾಯಂ ಮಾಡುತ್ತಾರೆ. ಇಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಹಿಂದಿನ ಕೋಣೆಯ ಒಬ್ಬನನ್ನು ಬಿಡಿಸುವುದಿದೆ, ಆ ಒಬ್ಬ ತಾನೇ. ‘ಭಾವ, ನನ್ನನ್ನು ಪುನಃ ಲೋಟದ ಹತ್ತಿರ ಕಳಿಸಬೇಡಿ’ ಎಂದು ಕೊನೆಗೆ ಬರೆದಿದ್ದ. ಸೋಡಾಪುಡಿಯ ನೀರಿನಲ್ಲಿ ಕೊಳೆತ ಅವನ ಬೆರಳ ಸಂದುಗಳಿಗೆ ನನ್ನ ಹೆಂಡತಿ ಒಂದು ರಜೆಯಿಡೀ ಎಣ್ಣೆ ಹಚ್ಚಿದ್ದಳು. ಆ ಸಾಲನ್ನು ಅವಳು ಎರಡು ಸಲ ಓದಿಸಿದಳು. ಆಮೇಲೆ ಎದ್ದು ಗ್ರಾಮಫೋನಿನ ಧೂಳು ಒರೆಸಿದಳು. ನನಗೆ ಇಂಗ್ಲಿಷ್ ಸಂಗೀತ ಗೊತ್ತಿಲ್ಲ ಎಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ಪ್ಲೇಟುಗಳು ಬಂದದ್ದು ಊರಿಗೆ ಹೊರಟ ಒಬ್ಬ ಹೋಟೆಲಿನವರ ಕೈಯಲ್ಲಿ. ಅವರು ತಮ್ಮ ಮನೆ ಕಿರಿಮಂಜೇಶ್ವರದಲ್ಲೇ ಇಳಿದು, ಪೆಟ್ಟಿಗೆ ಭಾರ ಇದೆ, ಬಂದು ಕೊಂಡುಹೋಗಬೇಕು ಎಂದು ಹೇಳಿಕಳಿಸಿದರು. ಒಂದು ಆದಿತ್ಯವಾರ ಹೊಳೆ ದಾಟಿ, ಬಸ್ಸು ಹಿಡಿದು ಹೋದೆ. ಬರುವಾಗ ಪೆಟ್ಟಿಗೆ ಮಡಿಲಲ್ಲಿ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ನಾನು ಸೀಟಿನಿಂದ ಎದ್ದು ನಿಲ್ಲುತ್ತಿದ್ದೆ. ಏನದು, ಹಪ್ಪಳವೋ ಎಂದು ಪಕ್ಕದವರು ಕೇಳಿದರು. ಹೌದು ಅಂದೆ, ವಿವರಿಸಲು ತ್ರಾಣವಿರಲಿಲ್ಲ. ಇಷ್ಟು ಭಾರದ ಹಪ್ಪಳವನ್ನು ಯಾರ ಮದುವೆಗೆ ಕರಿಯುತ್ತಾರೆ ಎಂದು ಅವರು ಬಸ್ಸಿಳಿಯುವವರೆಗೆ ಯೋಚಿಸುತ್ತಲೇ ಇದ್ದರು. ದೋಣಿಯಲ್ಲಂತೂ ಮಗು ಹೊತ್ತ ಹಾಗೆ ಎದೆಗೆ ಅವಚಿಕೊಂಡು ನಿಂತೆ. ದೋಣಿಯವನು ಕೂರಿ ಅಂದ. ಕೂರಲಿಲ್ಲ. ದೋಣಿ ಮಗುಚಿದರೆ ನಿಂತವನು ಪೆಟ್ಟಿಗೆಯನ್ನು ಮೇಲೆ ಎತ್ತಿ ಹಿಡಿಯಬಹುದು ಎಂಬುದು ನನ್ನ ಲೆಕ್ಕಾಚಾರ. ನನಗೆ ಈಜು ಬಾರದು ಎಂಬುದು ಅದರಲ್ಲಿ ಸೇರಿರಲಿಲ್ಲ.

ಮನೆಗೆ ಬಂದು ಬಿಚ್ಚಿದರೆ ಆರು ಪ್ಲೇಟು, ಹನ್ನೆರಡು ಮಗ್ಗುಲು. ನಡುವಿನ ಕೆಂಪು ಚೀಟಿಯಲ್ಲಿ ಚಿನ್ನದ ಬಣ್ಣದ ಅಕ್ಷರ, ಇರುವೆಯ ಕಾಲಿನಷ್ಟು ಸಣ್ಣದು. ನನ್ನದೋ ನಲವತ್ತೈದು ದಾಟಿದ ಕಣ್ಣು, ಸಂಜೆ ಉರಿಯುವುದು ಚಿಮಿಣಿ ದೀಪ. ಗಡಿಬಿಡಿಯಲ್ಲಿ ಹಿಂದು ಮುಂದಾದರೆ ಏನು ಗತಿ ಎಂದು ಹೆದರಿ, ಅದೇ ದಿನ ಬೆಳಕಿರುವಾಗಲೇ ಬಿಳಿ ಕಾಗದ ಕತ್ತರಿಸಿ ಒಂದರಿಂದ ಹನ್ನೆರಡರವರೆಗೆ ದಪ್ಪಕ್ಕೆ ಕನ್ನಡದ ಅಂಕಿ ಬರೆದೆ. ಮೊದಲ ಪ್ಲೇಟಿನ ಒಂದು ಕಡೆ ಇಂಗ್ಲಿಷಿನಲ್ಲಿ ಒಂದು ಎಂದಿತ್ತು. ತಿರುಗಿಸಿದೆ. ಹನ್ನೆರಡು ಎಂದಿತ್ತು. ಹನ್ನೆರಡರಲ್ಲಿ ಒಂದನೆಯದು ಎಂದು ಇದರ ಅರ್ಥ ಎಂದು ತಕ್ಷಣ ತಿಳಿಯಿತು. ತಿಳಿದ ಮೇಲೆ ಉಳಿದ ಐದು ಪ್ಲೇಟುಗಳ ಅಕ್ಷರ ಓದಿ ಕಣ್ಣು ಯಾಕೆ ನೋಯಿಸಿಕೊಳ್ಳಬೇಕು? ಮಕ್ಕಳ ಉತ್ತರ ಪತ್ರಿಕೆಗೆ ಪುಟಸಂಖ್ಯೆ ಹಾಕುವ ಹಾಗೆ, ಒಂದರ ಬೆನ್ನಿಗೆ ಎರಡು, ಮೂರರ ಬೆನ್ನಿಗೆ ನಾಲ್ಕು ಎಂದು ಅನ್ನದ ಗಂಜಿ ಸವರಿ ಅಂಟಿಸಿಬಿಟ್ಟೆ. ನಂಬರು ಮೊದಲೇ ಅಚ್ಚಾಗಿದೆಯಲ್ಲ ಎಂದು ಹೆಂಡತಿ ಕೇಳಿದಳು. ಅದು ಕಾರ್ಖಾನೆಯವರಿಗೆ ಅಂದೆ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಯಕ್ಷಗಾನ ಮೇಳಗಳಲ್ಲಿ ನಲವತ್ತು ವರ್ಷ ಮದ್ದಳೆ ಬಾರಿಸಿ, ಈಗ ಗಂಟು ನೋವಿನಿಂದ ಮನೆ ಹಿಡಿದವರು. ಕಾಫಿಯ ಹೊತ್ತಿಗೆ ಸರಿಯಾಗಿ ಬಂದು ಜಗಲಿಯಲ್ಲಿ ಕೂತರು. ನಾನು ಮುಳ್ಳು ಹಾಕಿ, ಹಿಡಿ ತಿರುಗಿಸಿ, ಒಂದನೆಯ ಮಗ್ಗುಲು ಬಿಟ್ಟೆ.

ಕೆಳಗಿನ ತಂತಿಗಳು ಗೊಣಗಲು ಶುರು ಮಾಡಿದವು. ಭಾರದ ದೋಣಿಯನ್ನು ಮರಳ ಮೇಲೆ ಎಳೆದ ಹಾಗೆ: ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು, ಪುನಃ ಎಳೆಯುವುದು. ಮೇಲೆಲ್ಲೋ ಒಂದು ಕೊಳಲು ಈಗ ಬಂದೆ, ಈಗ ಬಂದೆ ಅನ್ನುತ್ತದೆ, ಬರುವುದಿಲ್ಲ. ಇನ್ನೇನು ಪಿಟೀಲುಗಳು ಒಂದು ಒಳ್ಳೆಯ ಮಾತು ತೆಗೆದವು ಅನ್ನುವಷ್ಟರಲ್ಲಿ ಪ್ಲೇಟು ಮುಗಿಯಿತು, ಮಾತಿನ ನಡುವೆ ಯಾರೋ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ತಿರುಗಿಸಿ ಎರಡನೆಯದು ಹಾಕಿದೆ. ಅಲ್ಲಿ ಆ ಮಾತಿನ ಸುಳಿವೇ ಇಲ್ಲ. ಸಭೆ ಎದ್ದು ನಿಂತ ಹಾಗೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಧಾನವಾಗಿ ಏರಿದವು. ಕಹಳೆಗಳು ಸೇರಿದವು, ನಗಾರಿ ಉರುಳಿತು, ಮೂರು ದೊಡ್ಡ ಪೆಟ್ಟು. ಆಮೇಲೆ ಬರೀ ಮುಳ್ಳಿನ ಸರಸರ.

ಮದ್ದಳೆಯವರು ಕೈ ಮುಗಿದು ಎದ್ದು ಶಾಲು ಕೊಡವಿ ಹೆಗಲಿಗೆ ಹಾಕಿದರು.

“ಬತ್ತೆ ಮಾಷ್ಟ್ರೆ.”

ಇನ್ನೂ ಹತ್ತು ಮಗ್ಗುಲಿದೆ, ಕೂರಿ ಅಂದೆ.

“ಮಂಗಳ ಆಯ್ತಲೆ. ಮಂಗಳ ಆದ್ಮೇಲೆ ಕೂಕಂಬ್ದ್ ಎಂತಕೆ?”

ಯಕ್ಷಗಾನದ ಆಟದಲ್ಲಿ ಕೊನೆಗೆ ಮಂಗಳ ಹಾಡಿದ ಮೇಲೆ ಯಾರೂ ಕೂರುವ ಕ್ರಮವಿಲ್ಲ. ಕೂತವನಿಗೆ ನಿದ್ದೆ ಬಂದಿದೆ ಎಂದೇ ತಿಳಿದು ಎಬ್ಬಿಸುತ್ತಾರೆ. ಅದು ನನಗೂ ಗೊತ್ತು. ಆದರೆ ಇದು ಆಟವಲ್ಲ, ವಿಲಾಯತಿಯವರಿಗೆ ಮಂಗಳ ಎಂಬುದೇ ಇಲ್ಲ, ಅವರ ರೀತಿ ಬೇರೆ ಎಂದು ನಾನು ಪಾಠ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

“ಭಾಷಿ ಇಂಗ್ಲಿಷ್ ಆಯ್ಲಿ. ಪೆಟ್ಟೂ ಇಂಗ್ಲಿಷಾ?”

ಹೋದರು. ಮರುದಿನವೂ ಬಂದರು. ಎರಡು ಮಗ್ಗುಲು ಕೇಳಿದರು, ಕೈ ಮುಗಿದರು, ಹೋದರು. ಅದರ ಮರುದಿನವೂ ಹಾಗೇ. ಹನ್ನೆರಡು ದಿನ ನನ್ನ ಮನೆಯಲ್ಲಿ ಹನ್ನೆರಡು ಕಾಫಿ ಕುಡಿದು ಆ ಮನುಷ್ಯ ಮೂರನೆಯ ಮಗ್ಗುಲು ಕೇಳಲಿಲ್ಲ. ಪ್ರಪಂಚದ ಎಲ್ಲ ವಿದ್ಯೆಯನ್ನೂ ತಮ್ಮ ವೇಷ ಕಟ್ಟುವ ಚೌಕಿಯೊಳಗೇ ಕಟ್ಟಿಹಾಕುವ ಈ ಜನರ ಹಟದ ಬಗ್ಗೆ ಹೆಂಡತಿಗೆ ಒಂದು ಭಾಷಣವನ್ನೇ ಕೊಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು.

ಉಳಿದ ಹತ್ತು ಮಗ್ಗುಲುಗಳ ಜೊತೆ ನಾನೊಬ್ಬನೇ ಹೋರಾಡಿದೆ. ಏನು ಸಂಗೀತವೋ ಮಹರಾಯ. ಒಂದು ಕಡೆ ಕುಣಿತ ಶುರುವಾದರೆ ಬೆನ್ನಿಗೆ ಶೋಕ. ಶೋಕ ಸರಿಯಾಗಿ ಅಳುವ ಮುಂಚೆ ಯಾರೋ ಕುದುರೆ ಓಡಿಸುತ್ತಾರೆ. ಯಾವ ಮಾತೂ ಪೂರ್ತಿಯಾಗುವುದಿಲ್ಲ, ಯಾವ ಜಗಳವೂ ತೀರುವುದಿಲ್ಲ. ಕೊನೆಯ ಪ್ಲೇಟಿನಲ್ಲಿ ಮಾತ್ರ, ಹನ್ನೊಂದು ಮತ್ತು ಹನ್ನೆರಡು ಎಂದು ನಾನು ಅಂಟಿಸಿದ ಕಡೆ, ಪಿಟೀಲುಗಳ ಒಂದು ನಿಧಾನದ ರಾಗ ಇತ್ತಿಂದ ಅತ್ತ ಕಡಿಯದೆ ದಾಟುತ್ತಿತ್ತು. ಅದನ್ನು ಕೇಳಿದಾಗ ಮಾತ್ರ ಹಿಡಿ ತಿರುಗಿಸಿ ಸೋತ ಭುಜಕ್ಕೆ ಒಂದಿಷ್ಟು ಸಮಾಧಾನ. ಆದರೆ ಒಳ್ಳೆಯದು ಬಂದ ಕೂಡಲೇ ಎಲ್ಲ ಮುಗಿಸಿ, ಬರೆದವನು ನಮ್ಮನ್ನು ಗಾಳಿಯಲ್ಲಿ ಬಿಟ್ಟುಹೋಗುತ್ತಾನೆ. ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಹುಡುಗನ ಬೆರಳು ಲೋಟದ ನೀರಿಗೆ. ಆದ್ದರಿಂದ ಅರ್ಥವಾಗಲೇಬೇಕಾಯಿತು.

ಹದಿಮೂರನೆಯ ದಿನ ಅರ್ಥವಾಯಿತು. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ನಾಲ್ಕು ಹಾಳೆ ಇಂಗ್ಲಿಷಿನಲ್ಲಿ ಬರೆದೆ. ಅದರ ಸಾರ ಇದು: ಸಾಮಾನ್ಯರು ಆದಿಯಿಂದ ಅಂತ್ಯಕ್ಕೆ ನಡೆಯುತ್ತಾರೆ, ಈ ಮಹನೀಯ ಹುಟ್ಟನ್ನು ಒಂದು ದಡದಲ್ಲಿ, ಸಾವನ್ನು ಇನ್ನೊಂದು ದಡದಲ್ಲಿ ನಿಲ್ಲಿಸಿ, ಎರಡೂ ಕಡೆಯಿಂದ ದೋಣಿ ಬಿಡುತ್ತಾನೆ. ಒಮ್ಮೆ ಈ ದಡದ ಸದ್ದು, ಒಮ್ಮೆ ಆ ದಡದ್ದು. ಕೊನೆಗೆ ನಡುಹೊಳೆಯಲ್ಲಿ ಎರಡೂ ದೋಣಿಗಳು ಸಂಧಿಸುತ್ತವೆ, ಅಲ್ಲೇ ರಾಗ ಅಖಂಡವಾಗುತ್ತದೆ, ಅಲ್ಲೇ ಕೃತಿ ಮುಗಿಯುತ್ತದೆ. ಇಂಥ ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದೂ ಸೇರಿಸಿದೆ. ಬೇರೆಲ್ಲೂ ಕೇಳಿಯೇ ಇರಲಿಲ್ಲವಾದ್ದರಿಂದ ಅದು ಸುಳ್ಳೂ ಅಲ್ಲ. ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ದೋಣಿಯ ವಿಷಯ ಚೆನ್ನಾಗಿದೆ ಅಂದಳು. ಅಂಚೆಗೆ ಹಾಕಿದೆ.

ಅದೇ ಶನಿವಾರ ಬ್ರಹ್ಮಾವರಕ್ಕೆ ಎದೆ ತೋರಿಸಲು ಹೋದೆ. ಅಲ್ಲಿ ಯುದ್ಧಕ್ಕೆ ಹೋಗಿ ಬಂದ ಒಬ್ಬ ಡಾಕ್ಟರಿದ್ದರು. ನನ್ನ ಎದೆಯಲ್ಲಿ ಏನೂ ಇಲ್ಲ ಎಂದು ಅವರು ತಿಂಗಳು ತಿಂಗಳು ಹೇಳುತ್ತಿದ್ದರು, ನಾನು ತಿಂಗಳು ತಿಂಗಳು ಮಾಬುಕಳದ ಹೊಳೆ ದಾಟಿ ಕೇಳಿ ಬರುತ್ತಿದ್ದೆ. ಆ ದಿನವೂ ಏನೂ ಇಲ್ಲ ಎಂದಾಯಿತು. ಮಾತಿಗೆ ಮಾತು ಬಂದು ನಾನು ಸಿಂಫನಿಯ ವಿಷಯ, ಸ್ವಲ್ಪ ಹೆಮ್ಮೆಯಿಂದಲೇ, ಎತ್ತಿದೆ. ಡಾಕ್ಟರರ ಮುಖ ಅರಳಿತು. ಒಳಗೆ ಕರೆದುಕೊಂಡು ಹೋಗಿ, ಹೂ ಹಾಕಿದ ಬಟ್ಟೆ ಸರಿಸಿ, ಒಂದು ಯಂತ್ರ ತೋರಿಸಿದರು. ಸೈನ್ಯದಿಂದ ಬರುವಾಗ ಯಾರೋ ಬಿಳಿಯ ದೊರೆಯಿಂದ ಕೊಂಡದ್ದಂತೆ. ಕರೆಂಟಿನದು. ಬ್ರಹ್ಮಾವರಕ್ಕೆ ಕರೆಂಟು ಬರುವವರೆಗೆ ಅದು ಬಟ್ಟೆ ಹೊದ್ದು ಕಾಯುತ್ತಿತ್ತು.

ಅದರ ವಿಶೇಷ ಅಂದರೆ ಪ್ಲೇಟುಗಳನ್ನು ತಾನೇ ಬೀಳಿಸಿಕೊಳ್ಳುತ್ತದೆ. ಆರನ್ನೂ ಕಂಬಕ್ಕೆ ಸಿಕ್ಕಿಸಿದರೆ ಒಂದು ಮುಗಿದ ಮೇಲೆ ಇನ್ನೊಂದು ಅದರ ಮೇಲೆ ಬೀಳುತ್ತದೆ. ಕರೆಂಟಿಲ್ಲದ್ದರಿಂದ ಡಾಕ್ಟರು ತಮ್ಮದೇ ಆರು ಪ್ಲೇಟುಗಳನ್ನು ಕೈಯಲ್ಲೇ ಒಂದೊಂದಾಗಿ ಬೀಳಿಸಿ ತೋರಿಸಿದರು. ಹೀಗೆ ಆರು ಮುಖ ಆದವು. ಆಮೇಲೆ ಇಡೀ ಕಟ್ಟನ್ನು ದೋಸೆ ಮಗುಚಿದಂತೆ ಒಟ್ಟಿಗೆ ಮಗುಚಿ ಇಟ್ಟರೆ ಉಳಿದ ಆರು. ಆದ್ದರಿಂದಲೇ ಈ ಯಂತ್ರಕ್ಕೆಂದು ಬರುವ ಪ್ಲೇಟುಗಳಲ್ಲಿ ಒಂದರ ಬೆನ್ನಿಗೆ ಎರಡು ಇರುವುದಿಲ್ಲ ಎಂದರು.

ಒಂದರ ಬೆನ್ನಿಗೆ ಎಷ್ಟಿರುತ್ತದೆ ಎಂದು ಕೇಳುವಾಗ ನನ್ನ ಸ್ವರ ನನಗೇ ದೂರದಿಂದ ಕೇಳಿಸಿತು.

“ಹನ್ನೆರಡು. ಕೊನೆಯದು. ಕೈಯಲ್ಲಿ ತಿರುಗಿಸುವವರು ಮೊದಲು ಎಲ್ಲದರ ಮುಂಭಾಗ, ಆಮೇಲೆ ಕೊನೆಯ ಪ್ಲೇಟಿನಿಂದ ಹಿಂದಕ್ಕೆ ಬೆನ್ನು, ಹಾಗೆ ಹಾಕಬೇಕು. ನಿಮಗೆ ಹೇಳುವುದೇನು, ನೀವು ತಿಳಿದವರು.”

ಹೌದಲ್ಲ, ಅದಂತೂ ಹೌದು ಎಂದು ನಕ್ಕೆ. ಡಾಕ್ಟರು ನನ್ನ ಮುಖ ನೋಡಿ, ಕೂರಿಸಿ, ಪುನಃ ಎದೆಗೆ ನಳಿಗೆ ಹಚ್ಚಿದರು. ಈಗ ಬಡಿತ ಸ್ವಲ್ಪ ಜೋರಿದೆ ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ನನ್ನ ಚೀಟಿಗಳನ್ನು ತಿಕ್ಕಿ ತೆಗೆದೆ. ಒಂದರ ಬೆನ್ನಿಗೆ ಹನ್ನೆರಡು, ಎರಡರ ಬೆನ್ನಿಗೆ ಹನ್ನೊಂದು, ಮೂರರ ಬೆನ್ನಿಗೆ ಹತ್ತು. ಎರಡು ದಡದ ಎರಡು ದೋಣಿ. ನಾನು ಕಂಡುಹಿಡಿದದ್ದು ಸಂಗೀತಗಾರನ ಮನಸ್ಸನ್ನಲ್ಲ, ಪ್ಯಾಕಿಂಗನ್ನು. ಎರಡನೆಯ ಮಗ್ಗುಲಿಗೆ ಎದ್ದುಹೋದ ಮನುಷ್ಯ ಹನ್ನೆರಡು ದಿನವೂ ಸರಿಯಾಗಿಯೇ ಎದ್ದುಹೋಗಿದ್ದರು.

ಕಾಗದ ಆಗಲೇ ಹೊರಟುಹೋಗಿತ್ತು. ತಂತಿ ಕೊಟ್ಟು ತಡೆಯುತ್ತೇನೆ ಎಂದು ಅಂಗಿ ಹಾಕಿಕೊಂಡೆ. ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ಊರಿಂದ ತಂತಿ ಬಂತ್ ಅಂದ್ರೆ ಅವ ಒಡದ್ ಕಾಂತ್ನಾ? ಯಾರ್ ಸತ್ತದ್ದ್ ಅಂದೇಳಿ ಮರ್ಕಂಡ್ ಮೊದ್ಲಿನ್ ಬಸ್ಸಿಗೇ ಹೊರಡ್ತ. ಇಲ್ಲ್ ಬಂದ್ ಕಂಡ್ರೆ ನಾವೆಲ್ಲ ಬದ್ಕ್‌ಕಂಡೇ ಇತ್ತ್. ಅಲ್ಲ್ ಕೆಲ್ಸ ಹೋಯ್ತ್.”

ನಿಜ. ನಮ್ಮ ಕಡೆ ತಂತಿಗೆ ಇರುವುದು ಒಂದೇ ಅರ್ಥ, ಸಾವು; ಹುಡುಗ ಅದನ್ನು ಒಡೆದೂ ನೋಡದೆ ಅಳುತ್ತ ಹೊರಟುಬರುತ್ತಾನೆ. ಅಂಗಿ ಬಿಚ್ಚಿದೆ. ಹಾಗಾದರೆ ಸುಮ್ಮನಿದ್ದು, ಯಜಮಾನರು ನನ್ನ ನಾಲ್ಕು ಹಾಳೆಯನ್ನು ಓದದೇ ಇರಲಿ ಎಂದು ಹರಕೆ ಹೊರುವುದೇ? ತಪ್ಪು ನಿಮ್ಮದು ಎಂದು ನೀವೇ ಬರೆಯಿರಿ, ಅವನು ಸುಳ್ಳು ಹೇಳಿದ ಎಂದು ಆಗಬಾರದು ಅಂದಳು. ಬರೆದೆ. ಪ್ಲೇಟು ಕಳಿಸಿದವನ ತಪ್ಪಲ್ಲ, ನನ್ನ ಅಂಟಿನ ತಪ್ಪು. ಸರಿಯಾದ ಅನಿಸಿಕೆಯನ್ನು ಕೂಡಲೇ ಕಳಿಸುತ್ತೇನೆ, ದಯವಿಟ್ಟು ಮೊದಲಿನದನ್ನು ಹರಿದುಹಾಕಿ.

ಸರಿಯಾದ ಅನಿಸಿಕೆಗಾಗಿ ಮದ್ದಳೆಯವರನ್ನು ಕರೆದು, ಅಂಕಿ ನೋಡಿ ನೋಡಿ, ಕ್ರಮವಾಗಿ ಹಾಕಿದೆ. ತಪ್ಪಾಗಿತ್ತು ಎಂದು ಅವರಿಗೆ ಹೇಳಲು ಮೂರು ಸಲ ಬಾಯಿ ತೆರೆದು ಕಾಫಿ ಕುಡಿದೆ. ಈ ಸಲ ಮೊದಲ ಮಗ್ಗುಲಲ್ಲಿ ಕಡಿದುಹೋದ ಪಿಟೀಲಿನ ಮಾತು ಮುಂದಿನ ಪ್ಲೇಟಿನಲ್ಲಿ ಅಲ್ಲಿಂದಲೇ ಮುಂದುವರಿಯಿತು. ಕುಣಿತಕ್ಕೆ ಕುಣಿತ ಸೇರಿತು, ಕುದುರೆ ಎಲ್ಲಿಗೆ ಓಡುತ್ತಿತ್ತೋ ಅಲ್ಲಿಗೇ ತಲುಪಿತು. ಬೇರೆ ಬೇರೆ ಕೇರಿಯಲ್ಲಿ ದಿನಾ ಕಾಣುತ್ತಿದ್ದ ಇಬ್ಬರು ಅಣ್ಣ ತಮ್ಮಂದಿರು ಎಂದು ಒಂದು ದಿನ ತಿಳಿದರೆ ಹೇಗೋ ಹಾಗೆ, ಪರಸ್ಪರ ಪರಿಚಯವೇ ಇಲ್ಲ ಎಂದುಕೊಂಡಿದ್ದ ರಾಗಗಳು ಒಂದೇ ಮನೆಯವು. ಎಲ್ಲವೂ ಸರಿಯಾಗಿತ್ತು. ನನಗೆ ಒಳಗೊಳಗೆ ಬೇಸರವಾಯಿತು. ಇಷ್ಟು ಸರಳವಾಗಿದ್ದರೆ ನನ್ನಂಥ ಪಂಡಿತ ಯಾಕೆ ಬೇಕು?

ಮದ್ದಳೆಯವರು ಹನ್ನೆರಡೂ ಮಗ್ಗುಲು ಕೂತರು. ಮೂರು ಪೆಟ್ಟು ಬಿದ್ದ ಮೇಲೆ ಕೈ ಮುಗಿದರು. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆ, ಬರೆದುಕೊಳ್ಳೋಣ ಎಂದು ಕಾದೆ.

“ಬಾಳ ಉದ್ದ ಆಯ್ತ್ ಮಾಷ್ಟ್ರೆ. ಮುಂಚೆ ಹಾಕ್ತಿದ್ರ್ಯಲೆ, ಎರ್ಡೇ ಮಗ್ಗಲ್, ಅದೇ ಲಾಯ್ಕ್ ಇತ್ತ್.”

ಒಂದು ಹಾಳೆಯಷ್ಟು ಬರೆದು ಕಳಿಸಿದೆ. ಸತ್ಯವನ್ನೇ ಬರೆದದ್ದರಿಂದ ಅದಕ್ಕಿಂತ ಹೆಚ್ಚು ಬರಲಿಲ್ಲ.

ಆಮೇಲೆ ಮೂರು ವಾರ ಬೊಂಬಾಯಿಯಿಂದ ಸುದ್ದಿ ಇಲ್ಲ. ಅಂಚೆಯವನು ನಮ್ಮ ಗೇಟು ದಾಟಿ ಹೋದಾಗಲೆಲ್ಲ ಹೆಂಡತಿ ನನ್ನ ಕಡೆ ನೋಡುತ್ತಿರಲಿಲ್ಲ, ಅದೇ ಕಷ್ಟ. ಅಷ್ಟರಲ್ಲಿ ಮೋಡ ಕಟ್ಟಲು ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಒಬ್ಬನನ್ನು ಬಿಡಿಸುತ್ತಾರೆ ಎಂದಿದ್ದನಲ್ಲ. ನಾನು ಕನಸಿನಲ್ಲಿ ಎರಡು ಸಲ ಲೋಟ ತೊಳೆದೆ.

ಕಡೆಗೂ ಕಾಗದ ಬಂತು, ಒಳಗೆ ಮಡಚಿದ ಅಚ್ಚಿನ ಹಾಳೆ. ಹೆಂಡತಿ ಒಲೆ ಬಿಟ್ಟು ಬಂದಳು. ನನ್ನ ಮೊದಲ ಕಾಗದವನ್ನು ಓದಿ ಯಜಮಾನರು ಹುಡುಗನನ್ನು ಒಳಗೆ ಕರೆದರಂತೆ. ಅವರು ಕಣ್ಣೀರು ಬರುವಷ್ಟು ನಕ್ಕು, ಎದ್ದು, ಕಪಾಟಿನಿಂದ ಮೂರು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರಂತೆ. ಬೇರೆ ಬೇರೆ ಊರಿನ ಗಿರಾಕಿಗಳು ಅದೇ ಸಿಂಫನಿಯನ್ನು, ಈ ಹೊಸ ರೆಕಾರ್ಡು ತಲೆಬುಡವಿಲ್ಲದ್ದು ಎಂದು ಬೈದು ಹಿಂದಕ್ಕೆ ಕಳಿಸಿದ್ದರು. ಯಾಕೆಂದು ಅಂಗಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ಎರಡು ದೋಣಿಯಿಂದ ಹೊಳೆಯಿತು. ಈಗ ಹುಡುಗನಿಗೆ ಕೌಂಟರಿನ ಪಕ್ಕದಲ್ಲೇ ಒಂದು ಮೇಜು. ಯಂತ್ರದ ಪ್ಲೇಟು ಕೊಳ್ಳುವ ಪ್ರತಿಯೊಬ್ಬರಿಗೂ ಮರಾಠಿ, ಕೊಂಕಣಿ, ಹಿಂದಿ, ಕನ್ನಡ, ಯಾವುದು ಬರುತ್ತದೋ ಅದರಲ್ಲಿ, ಯಾವುದರ ಬೆನ್ನಿಗೆ ಯಾವುದು ಎಂದು ಬಿಡಿಸಿ ಹೇಳುವುದು ಅವನ ಕೆಲಸ. ಕಾಯಂ.

ನನ್ನ ಎರಡನೆಯ ಅನಿಸಿಕೆ ಏನಾಯಿತು ಎಂದು ಹುಡುಕಿದೆ. ಅದನ್ನು ಯಜಮಾನರು ಅರ್ಧ ಓದಿ, ಸರಿಯಾಗಿಯೇ ಇದೆ, ಇದನ್ನು ಯಾರು ಬೇಕಾದರೂ ಬರೆಯುತ್ತಾರೆ ಅಂದರಂತೆ. ಅಚ್ಚಾದದ್ದು ನಾಲ್ಕು ಹಾಳೆಯ ಆ ಮೊದಲ ಅನಿಸಿಕೆಯೇ, ಒಂದಕ್ಷರ ಬಿಡದೆ, ಕೆಳಗೆ ನನ್ನ ಹೆಸರು, ಬಿ.ಎ., ಎಲ್.ಟಿ. ಸಮೇತ.

ನಾನು ಆ ಹಾಳೆಯನ್ನು ಹಿಡಿದು ಕೂತಲ್ಲೇ ಕೂತೆ. ಇದು ಯಾರ ಯಾರ ಕೈಗೆ ಹೋಗಿರಬಹುದು, ನಮ್ಮ ಹೆಡ್ಮಾಸ್ತರರ ಮಗ ಬೊಂಬಾಯಿಯಲ್ಲೇ ಇದ್ದಾನಲ್ಲ ಎಂದೆಲ್ಲ ಎಣಿಸುತ್ತಿರುವಾಗ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನೀವು ಸರಿಯಾಗಿ ಬರೆದಿದ್ದರೆ ಅವನ ಕೆಲಸ ಹೋಗುತ್ತಿತ್ತು ಅಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೊಗಳಿದ್ದು ಅಪರೂಪ, ಹೊಗಳಿದ್ದು ಹೀಗೆ.

ಮಳೆ ಶುರುವಾಗುವ ಮುಂಚೆ ಇನ್ನೊಂದು ಪೆಟ್ಟಿಗೆ ಬಂತು. ಬೇರೆ ಸಿಂಫನಿ, ಇದು ಹದಿನಾಲ್ಕು ಮಗ್ಗುಲು. ಜೊತೆಗೆ ಚೀಟಿ: ಭಾವ, ಗಿರಾಕಿಗಳು ಎಲ್ಲೆಲ್ಲಿ ತಪ್ಪಬಹುದು ಎಂದು ಯಜಮಾನರಿಗೆ ಗೊತ್ತಾಗಬೇಕಂತೆ. ನೀವು ಮೊದಲಿನ ಹಾಗೆಯೇ ನಿಮಗೆ ತೋಚಿದಂತೆ ಹಾಕಿ ಕೇಳಿ, ಬರೆಯಿರಿ. ನನ್ನ ಮೇಜು ಇದರ ಮೇಲೆಯೇ ನಿಂತಿದೆ.

ಬೇಕೆಂದು ತಪ್ಪು ಮಾಡುವುದು ಸುಲಭವಲ್ಲ. ಮೂರು ಸಂಜೆ ಪ್ಲೇಟುಗಳನ್ನು ಹರಡಿಕೊಂಡು ಕೂತೆ. ತಿರುಗಿಸಿ ನೋಡಿದೆ, ಅಡಿಮೇಲು ಮಾಡಿದೆ, ಯಾವ ಕಡೆಯಿಂದ ನೋಡಿದರೂ ಯಾವುದರ ನಂತರ ಯಾವುದು ಎಂದು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಒಂದೇ ಒಂದು ತಪ್ಪು ಹೊಳೆಯಲಿಲ್ಲ. ಹುಡುಗನ ಮೇಜು ಹೋಯಿತು ಎಂದೇ ಲೆಕ್ಕ ಹಾಕಿದೆ.

ಹೆಂಡತಿ ದೀಪ ಹಚ್ಚಿ ತಂದು ಹತ್ತಿರ ಇಟ್ಟಳು.

“ಹ್ವಾಯ್, ನೀವ್ ಅಷ್ಟ್ ತ್ರಾಸ್ ತಕಂಬುದ್ ಬ್ಯಾಡ. ಸಮ ಮಾಡುಕ್ ಹೊರಡಿ. ತಪ್ಪ್ ತನ್ನಷ್ಟಕ್ಕೇ ಆತ್ತ್.”